ಅಟ್ಟದ ಕಾಯಿಯ ತೂಕ

ಆ ವರದಿಯಲ್ಲಿ ಸಂವೇಗದ ಲೆಕ್ಕ ಬರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅಪಘಾತವಾದ ಗಾಡಿಗಳನ್ನು ನೋಡಿ, ಬ್ರೇಕು ಹಿಡಿಯುತ್ತದೋ ಇಲ್ಲವೋ, ಸ್ಟೇರಿಂಗು ನೆಟ್ಟಗಿದೆಯೋ ಇಲ್ಲವೋ ಎಂದು ಅಚ್ಚಾದ ನಮೂನೆಯಲ್ಲಿ ನಾಲ್ಕು ಸಾಲು ತುಂಬಿ ರುಜು ಹಾಕುವುದಷ್ಟೇ ನನ್ನ ಕೆಲಸ. ಜನ ನಮ್ಮನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎಂದು ಕರೆಯುವುದೂ ಅದಕ್ಕೇ. ನಾನು ನಾಲ್ಕು ಸಾಲಿಗೆ ನಿಲ್ಲಲಿಲ್ಲ. ಇಂಜಿನಿಯರಿಂಗ್ ಓದಿದವನು ಎಂದು ತೋರಿಸಿಕೊಳ್ಳುವ ಚಪಲ. ಮೂರು ಹಾಳೆ ಲೆಕ್ಕ ಬರೆದು ವರದಿಗೆ ಲಗತ್ತಿಸಿದೆ. ಆ ಮೂರು ಹಾಳೆ ಒಬ್ಬ ಮನುಷ್ಯನನ್ನು ಜೈಲಿನ ಬಾಗಿಲವರೆಗೆ ತಳ್ಳಿಕೊಂಡು ಹೋಯಿತು. ಇಷ್ಟು ವರ್ಷ ಕಳೆದರೂ ಅದನ್ನು ನೆನೆದರೆ ನನಗೆ ದುಃಖಕ್ಕಿಂತ ಮೊದಲು ಸಿಟ್ಟೇ ಬರುತ್ತದೆ. ಅರ್ಧ ಸಿಟ್ಟು ಬೇರೆಯವರ ಮೇಲೆ, ಇನ್ನರ್ಧ ನನ್ನ ಮೇಲೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಾಯಸಂದ್ರದ ಕಡೆಯಿಂದ ತುರುವೇಕೆರೆಗೆ ಬರುವ ಟಾರು ರಸ್ತೆಯನ್ನು ಒಂದು ಕಡೆ ಮಣ್ಣಿನ ರಸ್ತೆ ಅಡ್ಡ ಹಾಯ್ದು ಆಚೆಗೆ ಹೋಗುತ್ತದೆ. ಈಚೆ ಮೂಲೆಯಲ್ಲಿ ಒಂದು ಹೊಂಗೆ ಮರ, ಆಚೆ ಬದಿಗೆ ನೀರಿನ ಕಾಲುವೆ, ಸುತ್ತ ತೆಂಗಿನ ತೋಟ. ಅಲ್ಲಿ ಒಂದು ಮಧ್ಯಾಹ್ನ ಕಾಯಿ ತುಂಬಿದ ಲಾರಿಯೊಂದು, ರಸ್ತೆ ದಾಟುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಯ ಎಡ ಮಗ್ಗುಲಿಗೆ ನುಗ್ಗಿತು. ಟ್ಯಾಕ್ಸಿಯಲ್ಲಿದ್ದವರು ಇಬ್ಬರೇ. ಒಬ್ಬ ಅದರ ಡ್ರೈವರು, ತುರುವೇಕೆರೆಯ ಸಾಬರ ಮನೆಯವನು. ಇನ್ನೊಬ್ಬರು ಆ ಕಡೆಯ ಹಳ್ಳಿಗಳಿಗೆಲ್ಲ ಬೇಕಾಗಿದ್ದ ನರ್ಸಮ್ಮ. ಯಾವುದೋ ಮನೆಯಲ್ಲಿ ಹೆರಿಗೆ ಕಷ್ಟವಾಗಿ ಆಕೆಯನ್ನು ಕರೆದೊಯ್ಯಲು ಕಾರು ಕಳಿಸಿದ್ದರು. ಆಕೆ ಎಡಗಡೆ ಕೂತಿದ್ದರು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಡ್ರೈವರಿನ ಕಾಲು ಎರಡು ಕಡೆ ಮುರಿದಿತ್ತು.

ಅವನು ಪೊಲೀಸರಿಗೆ ಕೊಟ್ಟ ಹೇಳಿಕೆ ಸರಳವಾಗಿತ್ತು. ಹೊಂಗೆ ಮರದ ಹತ್ತಿರ ಗಾಡಿ ನಿಲ್ಲಿಸಿದೆ, ಎರಡೂ ಕಡೆ ನೋಡಿದೆ, ಲಾರಿ ದೂರವಿತ್ತು, ದಾಟಬಹುದು ಎಂದು ಎತ್ತಿದೆ, ಅದು ನಾನು ಅಂದುಕೊಂಡದ್ದಕ್ಕಿಂತ ಬಲು ಜೋರಾಗಿ ಬಂತು. ಲಾರಿಯವನು ಇದಕ್ಕೆ ತಿರುಗಾಮುರುಗಾ ಹೇಳಿದ. ಕಾರು ನಿಲ್ಲಲೇ ಇಲ್ಲ, ಅಡ್ಡರಸ್ತೆಯಿಂದ ಬಾಣ ಬಿಟ್ಟ ಹಾಗೆ ಬಂದು ಎದುರಿಗೆ ಬಿತ್ತು ಅಂದ. ನೋಡಿದವರು ಬೇರೆ ಯಾರೂ ಇರಲಿಲ್ಲ. ನಿಲ್ಲಿಸಿದ್ದನೋ ಇಲ್ಲವೋ ಎನ್ನುವುದರ ಮೇಲೆ ಇಡೀ ಕೇಸು ನಿಂತಿತ್ತು.

ನಾನು ಸ್ಥಳಕ್ಕೆ ಹೋಗಿದ್ದು ಮೂರನೆಯ ದಿನ. ಅಷ್ಟರಲ್ಲಿ ಲಾರಿ ಮಾಲೀಕ, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಸಾಹುಕಾರ, ಲಾರಿಯಲ್ಲಿ ಉಳಿದಿದ್ದ ಕಾಯಿಯನ್ನೆಲ್ಲ ಪೊಲೀಸರನ್ನು ಕೇಳಿಕೊಂಡು ಬೇರೆ ಲಾರಿಗೆ ತುಂಬಿಸಿ ಸಾಗಿಸಿಬಿಟ್ಟಿದ್ದ. ಡಿಕ್ಕಿಯಲ್ಲಿ ಹಿಂದಿನ ಹಲಗೆ ಬಿಚ್ಚಿಕೊಂಡು ಕಾಲುವೆಗೆ ಉರುಳಿದ್ದ ಕಾಯಿಗಳು ಮಾತ್ರ ಉಳಿದಿದ್ದವು. ಹೂಳಿನಲ್ಲಿ ಸಿಕ್ಕಿಕೊಂಡಿದ್ದ ಅವನ್ನು ಆ ಬೆಳಿಗ್ಗೆ ಪೊಲೀಸರು ಎತ್ತಿಸಿ ದಂಡೆಯ ಮೇಲೆ ಗುಡ್ಡೆ ಹಾಕಿಸಿದ್ದರು.

ಬ್ರೇಕು ನೋಡಿದೆ, ಎರಡೂ ಗಾಡಿಯವು ಚೆನ್ನಾಗಿದ್ದವು. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಆದರೆ ಟಾರಿನ ಮೇಲೆ ಟೈರಿನ ಕಪ್ಪು ಗುರುತು ಬರೆದ ಹಾಗೆ ಕಾಣುತ್ತಿತ್ತು. ಡಿಕ್ಕಿಯಾದ ಜಾಗದಲ್ಲಿ ಗಾಜಿನ ಚೂರು, ಮಣ್ಣಿನ ಹೆಂಟೆ ಬಿದ್ದಿತ್ತು. ಅಲ್ಲಿಂದ ಮುಂದೆ ಎರಡೂ ಗಾಡಿ ಒಂದಕ್ಕೊಂದು ಕಚ್ಚಿಕೊಂಡು ಉಜ್ಜಿಕೊಂಡು ಹೋದ ಗೆರೆ ಇತ್ತು. ಇಷ್ಟು ಒಳ್ಳೆಯ ಗುರುತನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಟೇಪು ಹಿಡಿದು ಮೂರು ಸಲ ಅಳೆದೆ.

ಎರಡು ವಸ್ತು ಡಿಕ್ಕಿ ಹೊಡೆದಾಗ ಶಕ್ತಿ ಚೆಲ್ಲಾಪಿಲ್ಲಿಯಾಗುತ್ತದೆ. ಒಂದಿಷ್ಟು ತಗಡು ಮಡಿಚುವುದಕ್ಕೆ, ಒಂದಿಷ್ಟು ಕಾವಿಗೆ, ಒಂದಿಷ್ಟು ತೋಟದ ಆಚೆಗೂ ಕೇಳುವ ಸದ್ದಿಗೆ ಹೋಗುತ್ತದೆ. ಅದು ನಾಶವಾಗುವುದಿಲ್ಲ ನಿಜ, ಆದರೆ ಚೆಲ್ಲಿದ್ದನ್ನು ಬಾಚಿ ಅಳೆಯಲು ನಮ್ಮ ಕೈಲಾಗುವುದಿಲ್ಲ. ಸಂವೇಗ ಹಾಗಲ್ಲ. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಈ ಮೊತ್ತ ಡಿಕ್ಕಿಗೆ ಮುಂಚೆ ಎರಡೂ ಗಾಡಿಯದು ಸೇರಿ ಎಷ್ಟಿತ್ತೋ, ಡಿಕ್ಕಿಯಾದ ಮರುಕ್ಷಣವೂ ಅಷ್ಟೇ ಇರುತ್ತದೆ. ದಿಕ್ಕು ಕೂಡ ಉಳಿದುಕೊಳ್ಳುತ್ತದೆ. ಲಾರಿ ಬರುತ್ತಿದ್ದುದು ಟಾರು ರಸ್ತೆಯ ಉದ್ದಕ್ಕೆ, ಕಾರು ಹೋಗುತ್ತಿದ್ದುದು ಅಡ್ಡಕ್ಕೆ. ಕಚ್ಚಿಕೊಂಡ ಮೇಲೆ ಎರಡೂ ಮೂವತ್ತಡಿ ಉದ್ದಕ್ಕೆ ಹೋಗಿ ನಿಲ್ಲುವಷ್ಟರಲ್ಲಿ ಎರಡೂಕಾಲು ಅಡಿ ಅಡ್ಡಕ್ಕೆ ಸರಿದಿದ್ದವು. ಆ ಎರಡೂಕಾಲು ಅಡಿ ಕಾರು ಕೊಟ್ಟದ್ದು. ಲಾರಿ ಅಡ್ಡ ಸರಿಯುವುದಕ್ಕೆ ಬೇರೆ ಕಾರಣವಿರಲಿಲ್ಲ. ಇಷ್ಟು ಭಾರದ ಜೋಡಿಯನ್ನು ಅಷ್ಟು ಅಡ್ಡಕ್ಕೆ ತಳ್ಳಬೇಕಾದರೆ ಕಾರು ಎಷ್ಟು ಜೋರಾಗಿ ಬಂದಿರಬೇಕು ಎಂದು ಲೆಕ್ಕ ಹಾಕಬಹುದು. ಜೋಡಿ ಭಾರವಾದಷ್ಟೂ ಕಾರಿನ ವೇಗ ಹೆಚ್ಚು ಬರುತ್ತದೆ. ಹೀಗಾಗಿ ನನಗೆ ಲೋಡಿನ ತೂಕ ಬೇಕಾಯಿತು.

ಲಾರಿಯ ಚೀಟಿಯಲ್ಲಿ ಏಳು ಸಾವಿರ ಕಾಯಿ ಎಂದಿತ್ತು. ಹತ್ತಿರದ ಅಂಗಡಿಯಿಂದ ತಕ್ಕಡಿ ತರಿಸಿ, ದಂಡೆಯ ಗುಡ್ಡೆಯಿಂದ ಹತ್ತು ಕಾಯಿ ಎತ್ತಿ ತೂಗಿಸಿದೆ. ಹನ್ನೆರಡೂವರೆ ಕಿಲೋ ಬಂತು. ಒಂದಕ್ಕೆ ಒಂದೂಕಾಲು. ತೋಟದಿಂದ ಆಗಷ್ಟೇ ಇಳಿಸಿದ ಕಾಯಿಯ ತೂಕ ಸುಮಾರಾಗಿ ಅಷ್ಟೇ ಇರುತ್ತದೆ, ಅನುಮಾನ ಬರಲಿಲ್ಲ. ಲೋಡು ಎಂಟೂಮುಕ್ಕಾಲು ಟನ್ನು, ಖಾಲಿ ಲಾರಿ ನಾಲ್ಕು ಟನ್ನು, ಕಾರು ಒಂದೂಕಾಲು. ಗುಣಿಸಿ ಭಾಗಿಸಿದಾಗ ಕಾರಿನ ವೇಗ ಗಂಟೆಗೆ ಮೂವತ್ತೆರಡು ಕಿಲೋಮೀಟರು ಬಂತು. ಹೊಂಗೆ ಮರದಿಂದ ಡಿಕ್ಕಿಯಾದ ಜಾಗಕ್ಕೆ ನಲವತ್ತಡಿ. ನಿಂತ ಅಂಬಾಸಿಡರು ನಲವತ್ತಡಿಯೊಳಗೆ ಮೂವತ್ತೆರಡು ಮುಟ್ಟುವುದು ಕನಸಿನ ಮಾತು. ಆದ್ದರಿಂದ ಕಾರು ಅಲ್ಲಿ ನಿಂತಿರಲಿಲ್ಲ ಎಂದು ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಬ್ರೇಕು ತುಳಿಯುವ ಮೊದಲು ಲಾರಿ ಅರವತ್ತರ ಮೇಲಿತ್ತು ಎಂದೂ ಬರೆದೆ. ಅದಕ್ಕೆ ಅಡಿಗೆರೆ ಎಳೆಯಲಿಲ್ಲ.

ಕಚೇರಿಯಲ್ಲಿ ನಮ್ಮ ಸಾಹೇಬರು ಮೂರು ಹಾಳೆ ತಿರುವಿ ನಕ್ಕರು. ಬ್ರೇಕು ಹಿಡಿಯುತ್ತೋ ಇಲ್ಲವೋ ಅಂದರೆ ಕಾಲೇಜಿನ ನೋಟ್ಸು ಬರೆದಿದ್ದೀಯಲ್ಲ, ಇದನ್ನು ಓದುವವರು ಯಾರು ಎಂದು ಹಂಗಿಸಿದರು. ಆದರೆ ಓದುವವರು ಓದಿದರು. ಕಾರು ನಿಂತಿರಲಿಲ್ಲ ಎಂದು ಸರ್ಕಾರದ ಇಂಜಿನಿಯರೇ ಬರೆದಿದ್ದಾರೆ ಎಂದು ಪೊಲೀಸರು ಟ್ಯಾಕ್ಸಿ ಡ್ರೈವರಿನ ಮೇಲೆ ದೋಷಾರೋಪಣ ಪಟ್ಟಿ ಸಲ್ಲಿಸಿದರು. ಅವನ ಲೈಸೆನ್ಸು ಅಮಾನತ್ತಾಯಿತು. ಲಾರಿಯ ಅರವತ್ತರ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಎತ್ತು ಈಯಿತು ಅಂದವನು ನಾನೇ ಎನ್ನುವುದು ಇನ್ನೂ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ತಿಂಗಳ ಮೇಲೆ, ನಮ್ಮ ಕಚೇರಿಯ ಜವಾನನಿಂದ. ವಯಸ್ಸಾದ ಮನುಷ್ಯ, ಆವತ್ತು ಟೇಪಿನ ತುದಿ ಹಿಡಿಯಲು ನನ್ನ ಜೊತೆ ಬಂದಿದ್ದ. ವಾಪಸು ಬರುವಾಗ ಗುಡ್ಡೆಯಿಂದ ಐದಾರು ಕಾಯಿ ಚೀಲಕ್ಕೆ ಹಾಕಿಕೊಂಡಿದ್ದ, ನಾನು ಕಂಡೂ ಕಾಣದವನಂತೆ ಇದ್ದೆ. ಒಂದು ಬೆಳಿಗ್ಗೆ ಟೀ ತಂದಿಟ್ಟು ಹಲ್ಲು ಕಿರಿದುಕೊಂಡು ನಿಂತ.

"ಸಾ, ಆವತ್ತು ಕಾಯಿ ಅಂತ ತಗಂಡೋಗಿದ್ನಲ್ಲ, ನೆನ್ನೆ ನಮ್ಮನೇಳು ಸಾರಿಗೆ ಅಂತ ಒಡುದ್ರೆ ಒಂದು ತೊಟ್ಟು ನೀರಿಲ್ಲ. ಒಳ್ಳೆ ಉಂಡೆ ಕೊಬ್ರಿ ಕಣ್ಸಾ. ಎಲ್ಲವೂ ಹಂಗೇ."

ಅವನಿಗೆ ಲಾಟರಿ ಹೊಡೆದ ಸಂತೋಷ. ನಾನು ಟೀ ಲೋಟವನ್ನು ಹಾಗೇ ಪಕ್ಕಕ್ಕಿಟ್ಟೆ.

ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಇಲ್ಲಿ ಕೊಬ್ಬರಿ ಮಾಡಲು ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹನ್ನೊಂದು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಷ್ಟರಲ್ಲಿ ಕಾಯಿ ಅರ್ಧಕ್ಕಿಂತ ಹಗುರವಾಗಿರುತ್ತದೆ. ಲಾರಿಯಲ್ಲಿದ್ದದ್ದು ಅಂಥ ಅಟ್ಟದ ಕಾಯಿ. ನಾನು ತೂಗಿದ ಹತ್ತು ಕಾಯಿ ಮೂರು ದಿನ ಕಾಲುವೆಯ ಹೂಳಿನಲ್ಲಿ ಬಿದ್ದು, ಒಣಗಿದ ಸಿಪ್ಪೆ ಹೊಟ್ಟೆ ತುಂಬ ನೀರು ಕುಡಿದು, ಹಸಿ ಕಾಯಿಯಷ್ಟೇ ತೂಕಕ್ಕೆ ಬಂದು ಕೂತಿದ್ದವು. ಕಾಲುವೆಗೆ ಬೀಳದೆ ಲಾರಿಯಲ್ಲೇ ಇದ್ದ ಸಾವಿರಾರು ಕಾಯಿಗೂ ನಾನು ಅದೇ ನೀರಿನ ತೂಕ ಕಟ್ಟಿದ್ದೆ.

ತಿಪಟೂರು ಸೀಮೆಯಲ್ಲಿ ಕಾಯಿ ಕೈಗೆ ಬಂದರೆ ಮೊದಲು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾರೆ. ನೀರಿದ್ದರೆ ಒಂದು ಸದ್ದು, ಕೊಬ್ಬರಿಯಾಗಿದ್ದರೆ ಇನ್ನೊಂದು ಸದ್ದು. ಕೊಳ್ಳುವವನೂ ಕುಲುಕುತ್ತಾನೆ, ದೇವರಿಗೆ ಒಡೆಯುವವನೂ ಕುಲುಕುತ್ತಾನೆ. ಹಾಲ್ಕುರಿಕೆ ಹತ್ತಿರದ ತೋಟದ ಮನೆಯಲ್ಲಿ ಹುಟ್ಟಿ, ಅಟ್ಟದ ಕೆಳಗೇ ಮಲಗಿ ಬೆಳೆದ ನಾನು ಹತ್ತು ಕಾಯಿಯಲ್ಲಿ ಒಂದನ್ನೂ ಕುಲುಕಿರಲಿಲ್ಲ. ಪ್ಯಾಂಟು ಹಾಕಿ ಕೈಯಲ್ಲಿ ಟೇಪು ಹಿಡಿದ ಮೇಲೆ ಕುಲುಕುವುದು ಹಳ್ಳಿಗರ ಕೆಲಸ ಅನ್ನಿಸಿರಬೇಕು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಆ ದಿನ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಸಿಟ್ಟು ಮಾಡಿಕೊಂಡು ಪ್ರಯೋಜನವಿರಲಿಲ್ಲ. ಲಾರಿಯ ಚೀಟಿಯಲ್ಲಿದ್ದ ಊರು ಹುಡುಕಿಕೊಂಡು ಹೋದೆ, ಮಾಯಸಂದ್ರದಿಂದ ಒಳಗೆ ಎರಡು ಮೈಲಿ. ಕಾಯಿ ಕೊಟ್ಟ ಮನೆಯ ಯಜಮಾನ ಬಾಯಿ ಬಿಡಲಿಲ್ಲ. ಮಂಡಿ ಸಾಹುಕಾರನಿಗೇ ಪ್ರತಿ ವರ್ಷ ಕೊಬ್ಬರಿ ಹಾಕುವ ಮನೆ ಅದು. ಕಾಯಿ ಅಂದರೆ ಕಾಯಿ, ನಮಗೇನು ಗೊತ್ತು ಸಾಮಿ ಎಂದು ಎಲೆಯಡಿಕೆ ಹಾಕಿಕೊಂಡ. ಮಾತಾಡಿದ್ದು ಬಾಗಿಲ ಹತ್ತಿರ ಮೊರ ಹಿಡಿದು ಕೂತಿದ್ದ ಅವನ ಹೆಂಡತಿ.

"ನಮ್ದು ಹಸಿ ಕಾಯಿ ಅಂದೋರು ಯಾರ್ರೀ? ಹನ್ನೊಂದು ತಿಂಗ್ಳು ಅಟ್ಟದ ಮ್ಯಾಲೆ ಮಡಗಿದ್ವು. ಮನೆ ಪಾಲಾಯ್ತು, ಅಟ್ಟ ಖಾಲಿ ಮಾಡಿ ಅಂದ್ರು, ಅದುಕ್ಕೆ ಹಂಗಂಗೇ ಕೊಟ್ವಿ. ಇನ್ನೂ ಒಂದಷ್ಟು ಮೂಲೇಲವೆ, ಬಂದು ನೋಡ್ಕಳಿ."

ಯಜಮಾನ ಕೆಮ್ಮಿದ. ಆಕೆ ಅವನ ಕಡೆ ತಿರುಗಿಯೂ ನೋಡಲಿಲ್ಲ. ಆ ನರ್ಸಮ್ಮನೇ ತನ್ನ ಎರಡು ಬಾಣಂತನ ನೋಡಿದ್ದು ಎಂದಷ್ಟೇ ಹೇಳಿದಳು.

ಅಟ್ಟ ಹತ್ತಿ ಐವತ್ತು ಕಾಯಿ ಇಳಿಸಿ ತೂಗಿದೆ. ಇಪ್ಪತ್ತೇಳೂವರೆ ಕಿಲೋ, ಒಂದಕ್ಕೆ ಅರ್ಧ ಕಿಲೋದ ಮೇಲೆ ಐವತ್ತು ಗ್ರಾಂ. ಅದರಲ್ಲಿ ಹತ್ತನ್ನು ಕೇಳಿ ತಂದೆ. ಅರ್ಧದಷ್ಟನ್ನು ಒಣಗಿದಂತೆಯೇ ಇಟ್ಟು, ಉಳಿದ ಐದನ್ನು ಕಚೇರಿಯ ಹಿಂದಿನ ನೀರಿನ ತೊಟ್ಟಿಯಲ್ಲಿ ಕಲ್ಲು ಹೇರಿ ಮುಳುಗಿಸಿದೆ. ಇನ್‌ಸ್ಪೆಕ್ಟರ್ ಕಾಯಿಗೆ ಅಭ್ಯಂಜನ ಮಾಡಿಸುತ್ತಿದ್ದಾರೆ ಎಂದು ಗುಮಾಸ್ತರು ನಕ್ಕರು. ನಗಲಿ ಎಂದು ದಿನಾ ಬೆಳಿಗ್ಗೆ ಎತ್ತಿ ತೂಗಿ ಬರೆದಿಟ್ಟೆ. ಮೊದಲ ದಿನ ಒಂದೊಂದು ಕಾಯಿ ಮುಕ್ಕಾಲು ಕಿಲೋ ದಾಟಿತು, ಎರಡನೆಯ ದಿನ ಒಂದರ ಮೇಲೆ ಹೋಯಿತು, ಮೂರನೆಯ ದಿನ ಒಂದೂಕಾಲಕ್ಕೆ ಬಂದು ನಿಂತಿತು.

ಹೊಸ ತೂಕ ಹಾಕಿ ಲೆಕ್ಕ ಮತ್ತೆ ಮಾಡಿದೆ. ಲೋಡು ನಾಲ್ಕು ಟನ್ನಿಗೂ ಕಡಿಮೆ. ಕಾರಿನ ವೇಗ ಮೂವತ್ತೆರಡರಿಂದ ಇಪ್ಪತ್ತೊಂದಕ್ಕೆ ಇಳಿಯಿತು. ಲಾರಿಯ ವೇಗ ಹೆಚ್ಚುಕಮ್ಮಿ ಮೊದಲಿನಷ್ಟೇ ಉಳಿಯಿತು, ಅದು ಲೋಡಿನ ಮೇಲೆ ಅಷ್ಟಾಗಿ ನಿಂತಿರುವುದಿಲ್ಲ. ಆದರೂ ಈ ಸಲ ಕಾಗದವನ್ನು ನಂಬುವ ಧೈರ್ಯ ಬರಲಿಲ್ಲ. ತುರುವೇಕೆರೆ ಸ್ಟ್ಯಾಂಡಿನಿಂದ ಇನ್ನೊಂದು ಅಂಬಾಸಿಡರು ಕರೆದೊಯ್ದು, ಹೊಂಗೆ ಮರದ ಹತ್ತಿರ ನಿಲ್ಲಿಸಿ, ನಲವತ್ತಡಿಗೆ ಸುಣ್ಣದ ಗೆರೆ ಎಳೆದು, ಐದು ಸಲ ಓಡಿಸಿದೆ. ಸಾಧಾರಣವಾಗಿ ಎತ್ತಿದಾಗ ಗೆರೆಯ ಹತ್ತಿರ ಮೀಟರಿನ ಮುಳ್ಳು ಇಪ್ಪತ್ತರ ಆಸುಪಾಸು ತೋರಿಸಿತು. ಡ್ರೈವರಿಗೆ ಪೂರ್ತಿ ತುಳಿ ಎಂದರೂ ಇಪ್ಪತ್ತನಾಲ್ಕು ದಾಟಲಿಲ್ಲ. ಅಂದರೆ ನಿಂತಲ್ಲಿಂದ ಹೊರಟ ಕಾರು ಅಲ್ಲಿಗೆ ಎಷ್ಟು ವೇಗದಲ್ಲಿ ಬರಬೇಕೋ ಅಷ್ಟೇ ವೇಗ ನನ್ನ ಲೆಕ್ಕದಲ್ಲೂ ಬಂದಿತ್ತು. ಅವನು ನಿಜ ಹೇಳಿದ್ದ. ಮೊದಲ ದಿನದಿಂದಲೂ ನಿಜವನ್ನೇ ಹೇಳುತ್ತಿದ್ದ.

ತಿದ್ದಿದ ವರದಿ ಬರೆದು ಸಾಹೇಬರ ಮುಂದಿಟ್ಟೆ. ಮೊದಲ ವರದಿಗೆ ನಕ್ಕಿದ್ದ ಅದೇ ಸಾಹೇಬರು ಈಗ ಅದನ್ನು ವೇದದಂತೆ ಎತ್ತಿ ಹಿಡಿದರು. ಇಲಾಖೆ ಒಂದು ಸಲ ಹೇಳಿದ್ದನ್ನು ಮತ್ತೆ ಇಲ್ಲ ಅಂದರೆ ನಾಳೆ ನಮ್ಮ ಯಾವ ವರದಿಗೆ ಬೆಲೆ ಇರುತ್ತದೆ ಎಂದು ಕೇಳಿದರು. ಬೆಲೆ ಇರಬಾರದ ವರದಿ ಸಾರ್ ಅದು ಅಂದೆ. ಆಯಿತು, ಕಳಿಸೋಣ ಬಿಡು ಅಂದರು. ಮೂರು ವಾರ ಕಳೆದ ಮೇಲೆ ಬೇರೆ ಯಾವುದೋ ಫೈಲಿಗೆ ಹೋದಾಗ ನನ್ನ ಕಾಗದ ಅವರ ಮೇಜಿನ ಖಾನೆಯಲ್ಲಿ, ಹಳೆಯ ಪಂಚಾಂಗದ ಕೆಳಗೆ ಕಂಡಿತು. ನಾನು ಜೋರಾಗಿ ಕ್ಯಾತೆ ತೆಗೆದೆ. ಅವರು ದನಿ ಏರಿಸಲೇ ಇಲ್ಲ.

"ನೋಡಯ್ಯ, ಬರಿ ಅಂತ ನಿನಗೆ ಯಾರೂ ಹೇಳಿರಲಿಲ್ಲ. ಬರೆದೆ. ಈಗ ಅಳಿಸು ಅಂತಲೂ ಯಾರೂ ಹೇಳ್ತಿಲ್ಲ."

ಮಂಡಿ ಸಾಹುಕಾರನನ್ನೂ ಬಿಡಲಿಲ್ಲ. ತಿಪಟೂರಿನ ಅವನ ಮಂಡಿಗೇ ಹೋಗಿ ಕೇಳಿದೆ. ಎಂಟೂಮುಕ್ಕಾಲು ಟನ್ನು ಅಂತ ಬರೆದದ್ದನ್ನು ನೀವು ನೋಡಿದ್ದಿರಿ, ಅದು ಅಟ್ಟದ ಕಾಯಿ ಎಂದು ನಿಮಗೆ ಗೊತ್ತಿತ್ತು, ಯಾಕೆ ಸುಮ್ಮನಿದ್ದಿರಿ ಎಂದೆ. ಆತ ಗಾದಿಯ ಮೇಲೆ ಕೂತು ಕೊಬ್ಬರಿ ಉಂಡೆಯೊಂದನ್ನು ಬೆರಳಲ್ಲಿ ತಟ್ಟಿ ನೋಡುತ್ತಿದ್ದ.

"ತೂಗ್ದೋರು ನೀವು ಸ್ವಾಮಿ. ಓದ್ದೋರು. ನಿಮಗೆ ಕಾಯಿ ಯಾವ್ದು, ಕೊಬ್ರಿ ಯಾವ್ದು ಅಂತ ನಾನು ಹೇಳಿಕೊಡಕ್ಕಾಗ್ತದಾ?"

ಅವನ ಮೇಲೆ ಆವತ್ತು ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆರದಿರುವುದಕ್ಕೆ ಕಾರಣ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎನ್ನುವುದು.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ವರ್ಷ ತುಂಬುತ್ತಾ ಬಂದಿತ್ತು. ಸರ್ಕಾರದ ಕಡೆಯ ಸಾಕ್ಷಿಯಾಗಿ ನನಗೆ ಸಮನ್ಸು ಬಂತು. ಸಾಹೇಬರು ಕರೆದು, ವರದಿ ನನ್ನದು ಅನ್ನು, ರುಜು ಗುರುತಿಸು, ಇಳಿದು ಬಾ, ಮತ್ತೊಂದು ಮಾತು ಬೇಡ ಎಂದು ಹೇಳಿ ಕಳಿಸಿದರು. ತೊಟ್ಟಿಯ ತೂಕ ಬರೆದಿಟ್ಟ ಹಾಳೆ, ಒಂದು ಒಣ ಕಾಯಿ, ಮೂರು ದಿನ ನೆನೆಸಿದ ಇನ್ನೊಂದು ಕಾಯಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಹತ್ತಿದೆ ಅಂದ ಮಾತ್ರಕ್ಕೆ ಧೈರ್ಯ ಮಾಡಿದ್ದೆ ಎಂದಲ್ಲ. ಕೆಲಸ ಹೋದರೆ ಎಂಬ ಭಯವಿತ್ತು. ಹೆಂಡತಿ ಬಸುರಿ. ಎದುರು ವಕೀಲ ಕೇಳಿದರೆ ಹೇಳೋಣ, ಕೇಳದಿದ್ದರೆ ನನ್ನ ತಪ್ಪೇನಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚೀಲ ಕಾಲ ಹತ್ತಿರ ನೀರು ಸುರಿಸುತ್ತಿತ್ತು, ಪಕ್ಕದವನು ಗೊಣಗುತ್ತಿದ್ದ.

ಕೋರ್ಟಿನ ಜಗಲಿಯ ಮೇಲೆ ಟ್ಯಾಕ್ಸಿ ಡ್ರೈವರು ಕೋಲು ಪಕ್ಕಕ್ಕೆ ಇಟ್ಟುಕೊಂಡು ಕೂತಿದ್ದ. ಅವನನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನನ್ನನ್ನು ಕಂಡು ಗುರುತು ಹಿಡಿದ. ಗೋಡೆ ಹಿಡಿದು, ಸೆಟೆದ ಕಾಲನ್ನು ಎಳೆದುಕೊಂಡು ಎದ್ದು ನಿಂತು, ನಮಸ್ಕಾರ ಸಾರ್ ಅಂದ. ಬ್ರೇಕ್ ಇನ್‌ಸ್ಪೆಕ್ಟರ್ ಕಂಡರೆ ಯಾವ ಡ್ರೈವರಾದರೂ ಎದ್ದು ನಿಲ್ಲುತ್ತಾನೆ, ಅಭ್ಯಾಸ. ಆದರೆ ಇವನ ಬಾಳನ್ನು ಹಾಳು ಮಾಡಿದ ಕಾಗದ ಬರೆದವನಿಗೆ ಇವನು ಆ ಕಾಲಿನಲ್ಲಿ ಎದ್ದು ನಿಲ್ಲುತ್ತಾನೆಂದರೆ! ನನಗೆ ಅವನ ಮೇಲೆಯೇ ಕೆಂಡದಂಥ ಸಿಟ್ಟು ಬಂತು. ಕೂತ್ಕೋ ಎಂದು ಗದರಿಬಿಟ್ಟೆ. ಅವನು ಬೆದರಿ ಕೂತ. ಕೇಳಿದರೆ ಹೇಳೋಣ ಅನ್ನುವ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಕಟಕಟೆಯಲ್ಲಿ ಸರ್ಕಾರಿ ವಕೀಲರು ವರದಿ ತೋರಿಸಿ, ಇದು ನಿಮ್ಮದೇ ಎಂದು ಕೇಳಿದರು.

"ನನ್ನದೇ. ಇದರಲ್ಲಿ ಕಾರಿನ ವೇಗ ತಪ್ಪಿದೆ. ಆತ ಗಾಡಿ ನಿಲ್ಲಿಸಿದ್ದ."

ಸರ್ಕಾರಿ ವಕೀಲರು ಮುಖ ಕೆಂಪಗೆ ಮಾಡಿಕೊಂಡು ಈ ಸಾಕ್ಷಿ ತಿರುಗಿಬಿದ್ದಿದ್ದಾನೆ ಎಂದರು. ಮ್ಯಾಜಿಸ್ಟ್ರೇಟರು ಬಯಲುಸೀಮೆಯ ಉತ್ತರದ ಕಡೆಯವರು, ಜೋಳದ ನಾಡಿನವರು, ಅಟ್ಟದ ಕಾಯಿ ಕಂಡವರಲ್ಲ. ಯಾರಾದರೂ ಏನಾದರೂ ಕೊಟ್ಟರೇ, ಹೆದರಿಸಿದರೇ ಎಂದು ನನ್ನನ್ನು ಎರಡು ಸಲ ಕೇಳಿದರು. ಇಲ್ಲ ಎಂದು ಚೀಲದಿಂದ ಎರಡು ಕಾಯಿ ತೆಗೆದು ಅವರ ಮೇಜಿನ ಮೇಲಿಡಲು ಅಪ್ಪಣೆ ಕೇಳಿದೆ. ಅವರು ಎರಡನ್ನೂ ಕೈಯಲ್ಲಿ ತೂಗಿ ನೋಡಿ ಹುಬ್ಬು ಏರಿಸಿದರು. ಎರಡೂ ಒಂದೇ ಅಟ್ಟದಿಂದ ಇಳಿಸಿದವು, ಒಂದು ನೀರಲ್ಲಿ ಮೂರು ದಿನ ಇತ್ತು ಎಂದೆ. ಬೆಂಚಿನಲ್ಲಿ ಕೂತಿದ್ದ ನಾಲ್ಕಾರು ರೈತರು ನಾನು ಮುಂದೆ ಹೇಳುವುದನ್ನು ಅದಾಗಲೇ ಅರ್ಥ ಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂವೇಗ ಉಳಿಯುವುದು ಹೇಗೆ, ತೂಕ ತಪ್ಪಿದರೆ ವೇಗ ಎಷ್ಟು ತಪ್ಪುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ನಿಯಮ ಸರಿಯಾಗಿಯೇ ಇದೆ, ಅದಕ್ಕೆ ಸುಳ್ಳು ತೂಕ ಉಣ್ಣಿಸಿದವನು ನಾನು ಎಂದೂ ಹೇಳಿದೆ. ಲಾರಿ ಅರವತ್ತರ ಮೇಲಿತ್ತು ಎನ್ನುವುದು ಎರಡೂ ಲೆಕ್ಕದಲ್ಲಿ ಒಂದೇ ಎಂದು ಒತ್ತಿ ಹೇಳಿದಾಗ, ಅದು ಈ ಕೇಸಿನ ವಿಷಯವಲ್ಲ ಎಂದು ಸರ್ಕಾರಿ ವಕೀಲರು ತಡೆದರು.

ಎರಡು ತಿಂಗಳ ಮೇಲೆ ತೀರ್ಪು ಬಂತು. ಡ್ರೈವರು ಬಿಡುಗಡೆಯಾದ. ಆದರೆ ತೀರ್ಪಿನಲ್ಲಿ ಬರೆದದ್ದು ಓದಿ ನನ್ನ ಮೈ ಉರಿಯಿತು. ತಜ್ಞ ಸಾಕ್ಷಿ ತನ್ನ ಮಾತನ್ನು ತಾನೇ ಅಲ್ಲಗಳೆದಿರುವುದರಿಂದ ಅವನ ಮೊದಲ ಲೆಕ್ಕವನ್ನೂ ನಂಬಲಾಗದು, ಎರಡನೆಯದನ್ನೂ ನಂಬಲಾಗದು, ಆರೋಪಿಗೆ ಸಂಶಯದ ಲಾಭ ಕೊಡಲಾಗಿದೆ. ಅವನು ನಿಲ್ಲಿಸಿದ್ದ ಎಂದು ಒಂದು ಸಾಲೂ ಇರಲಿಲ್ಲ. ಲಾರಿಯವನ ಮೇಲೆ ಯಾವ ಕೇಸೂ ಬೀಳಲಿಲ್ಲ. ನನಗೆ ಮೆಮೊ ಬಂತು, ಹಿಂದೆಯೇ ದೂರದ ಜಿಲ್ಲೆಗೆ ವರ್ಗವೂ ಬಂತು.

ಹೊರಡಲು ನಾಲ್ಕು ದಿನವಿದ್ದಾಗ ಡ್ರೈವರು ಕಚೇರಿಗೆ ಬಂದ. ಲೈಸೆನ್ಸಿನ ವಿಷಯಕ್ಕಿರಬೇಕು ಎಂದುಕೊಂಡೆ. ಅದಲ್ಲ. ನರ್ಸಮ್ಮನ ಗಂಡ ದಬ್ಬೇಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿ ಚಿಲ್ಲರೆ ಅಂಗಡಿ ಇಟ್ಟುಕೊಂಡಿದ್ದಾರೆ, ತೀರ್ಪು ಬಂದ ಮಾರನೆಯ ದಿನ ಅವರಲ್ಲಿಗೆ ಹೋಗಿದ್ದೆ, ನನ್ನನ್ನು ನೋಡಿ ಅಂಗಡಿ ಬಾಗಿಲು ಹಾಕಿಕೊಂಡರು ಎಂದ.

"ಕೋರ್ಟು ಬಿಡ್ತು ಸಾರ್. ಅವ್ರು ಬಿಟ್ಟಿಲ್ಲ. ನಿಲ್ಸಿದ್ದ ಅಂತ ಒಂದು ಕಾಗ್ದದಲ್ಲಿ ಬರ್ದುಕೊಡಿ, ಅವ್ರಿಗೆ ತೋರಿಸ್ಬೇಕು."

ಕಾಗದ ಬರೆದು ನನಗೆ ಸಾಕಾಗಿತ್ತು. ನಡಿ, ನಾನೇ ಬರುತ್ತೇನೆ ಅಂದೆ. ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರೂ ಹೋದೆವು.

ಅಂಗಡಿ ಅವರ ಮನೆಯ ಮುಂಭಾಗದಲ್ಲೇ ಇತ್ತು. ನನ್ನ ಜೊತೆ ಬಂದ ಡ್ರೈವರನ್ನು ಕಂಡು ಅವರು ಬಾಗಿಲಿಗೆ ಕೈ ಹಾಕಿದರು. ನಾನು ಯಾರೆಂದು ಹೇಳಿ, ಐದು ನಿಮಿಷ ಕೇಳಿ, ಆಮೇಲೆ ಹಾಕಿಕೊಳ್ಳಿ ಎಂದೆ. ನಿಂತೇ ಕೇಳಿದರು. ಲೆಕ್ಕವನ್ನೆಲ್ಲ ಹೇಳಲಿಲ್ಲ. ಹೊಂಗೆ ಮರ, ನಲವತ್ತಡಿ, ಐದು ಸಲ ಓಡಿಸಿ ನೋಡಿದ್ದು, ಇಷ್ಟನ್ನೇ ಹೇಳಿದೆ. ಇವನು ನಿಲ್ಲಿಸಿದ್ದ, ನೋಡಿದ್ದ, ಇವನ ತಪ್ಪಿಲ್ಲ ಎಂದೆ.

ಅವರು ಬಾಗಿಲಿನಿಂದ ಕೈ ತೆಗೆದರು. ಆಮೇಲೆ ನನ್ನನ್ನೇ ನೋಡಿ ಕೇಳಿದರು.

"ಮೊದ್ಲು ನಿಲ್ಲಿಸ್ಲಿಲ್ಲ ಅಂತ ಬರ್ದೋರೂ ನೀವೇ ಅಲ್ವಾ?"

"ಹೌದು."

"ಯಾಕ್ ಬರುದ್ರಿ?"

ಕಾಲುವೆ, ಹೂಳು, ಸಿಪ್ಪೆ ಎಂದು ಹೇಳಲು ಬಾಯಿ ತೆರೆದೆ. ಆ ಮನುಷ್ಯನ ಮುಂದೆ ಅದೆಲ್ಲ ನೆವದಂತೆ ಕೇಳಿಸುತ್ತದೆ ಅನ್ನಿಸಿತು. "ಸರಿಯಾಗಿ ನೋಡ್ಲಿಲ್ಲ. ತಪ್ಪು ನಂದು" ಅಂದೆ.

"ವರ್ಷದ ಮೇಲಾಯ್ತು ಕಣ್ರೀ. ದಿನಾ ದೇವ್ರಿಗೆ ದೀಪ ಹಚ್ಚುವಾಗ ಇವ್ನಿಗೆ ಶಾಪ ಹಾಕಿದೀನಿ. ಒಂದು ದಿನ ತಪ್ಸಿಲ್ಲ."

ಅಷ್ಟು ಹೇಳಿ ಅವರು ಜಗಲಿಯಿಂದ ಇಳಿದು ಬಂದು ಡ್ರೈವರಿನ ತೋಳು ಹಿಡಿದುಕೊಂಡರು. "ಒಳಿಕ್ಕೆ ಬಾಪ್ಪ. ಮೆಟ್ಲು ಎತ್ತರ ಐತೆ, ನೋಡ್ಕಂಡು ಕಾಲಿಡು" ಎಂದು ನಿಧಾನವಾಗಿ ಹತ್ತಿಸಿಕೊಂಡು ಮನೆಯೊಳಗೆ ಕರೆದೊಯ್ದರು.

ನನ್ನನ್ನು ಕರೆಯಲಿಲ್ಲ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಜಗಲಿಯ ಕೆಳಗೆ ನಿಂತೇ ಇದ್ದೆ.